ಏರಿನಲ್ಲಿ ಬಳಲುವ ಕಾರು

ಬಯಲುದಾರಿಯಲ್ಲಿ ನೆಟ್ಟಗೆ ಓಡುತ್ತಿದ್ದ ಡೀಸೆಲ್ ಕಾರು ಘಟ್ಟದ ಏರು ಬಂದೊಡನೆ ಏದುಸಿರು ಬಿಡತೊಡಗುವುದುಂಟು. ಆಕ್ಸಿಲರೇಟರನ್ನು ಎಷ್ಟು ಅದುಮಿದರೂ ವೇಗವೇರದು. ಹಿಂದೆ ಕರಿಯ ಹೊಗೆ. ಬಾನೆಟ್ಟಿನೊಳಗೆ ಹಾವು ಬುಸುಗುಟ್ಟಿದಂತೆ ಸದ್ದು. ಲಾರಿಯೊಂದನ್ನು ಹಿಂದಿಕ್ಕಲು ಹೊರಟ ನಡುವೆ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಗ್ಯಾರೇಜಿಗೆ ಒಯ್ದರೆ, "ಟರ್ಬೊ ಹೋಗಿದೆ, ಹೊಸದು ಹಾಕಬೇಕು" ಎಂಬ ಉತ್ತರ ದೊರೆಯುವುದೂ ಉಂಟು. ಹೊಸ ಟರ್ಬೊ ಎಂದರೆ ಹತ್ತಾರು ಸಾವಿರ ರೂಪಾಯಿಗಳ ಬಾಬು. ಹೀಗೆ ಹೇಳುವವರೆಲ್ಲರೂ ವಂಚಕರೆಂದು ನಾವು ಹೇಳುವುದಿಲ್ಲ. ಆದರೆ ನಾಡಿ ನೋಡದೆ ಔಷಧ ಕೊಡುವುದು ವೈದ್ಯನಿಗೆ ಹೇಗೆ ಸಲ್ಲದೋ ಮೆಕ್ಯಾನಿಕ್ಕಿಗೂ ಹಾಗೆಯೇ ಸಲ್ಲದು. ಆದುದರಿಂದ ಟರ್ಬೊದ ಒತ್ತಡ ಕುಂದಿದಾಗ ಯಾವ ಕ್ರಮದಿಂದ ಕಾರಣವನ್ನು ಹುಡುಕಬೇಕೆಂಬುದನ್ನು ಈ ತಿಂಗಳು ವಿಚಾರಿಸೋಣ.

ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಟರ್ಬೊ ಹಾಗೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ೧೯೦೫ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದನು. ಒಂದೇ ಅಚ್ಚಿಗೆ ಎರಡು ಚಿಕ್ಕ ಚಕ್ರಗಳು. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ತಿರುಗುತ್ತದೆ; ಅದರೊಡನೆ ತಿರುಗುವ ಮತ್ತೊಂದು ಹೊರಗಿನ ಗಾಳಿಯನ್ನು ಸೆಳೆದು ಒತ್ತುತ್ತದೆ. ಇವು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದುಂಟು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸಿ, ದಪ್ಪನೆಯ ರಬ್ಬರು ಕೊಳವೆಗಳ ಮೂಲಕ ಎಂಜಿನ್ನಿಗೆ ಕಳುಹಿಸುತ್ತಾರೆ. ಈ ದಾರಿಯಲ್ಲಿ ಎಲ್ಲಿ ಸೋರಿದರೂ ಬಲ ಕುಂದುತ್ತದೆ. ಅಳೆದು ಒಳಬಂದ ಗಾಳಿ ನಡುವೆ ಸೋರಿಹೋದರೆ ಅದಕ್ಕೆ ತಕ್ಕಂತೆ ಸುರಿದ ಡೀಸೆಲ್ ಪೂರ್ತಿ ಉರಿಯದೆ ಕರಿಯ ಹೊಗೆಯಾಗುತ್ತದೆ. ತಿದಿಯ ತೊಗಲು ಹರಿದಿರುವಾಗ ಕುಲುಮೆಯನ್ನೇ ಕಿತ್ತುಹಾಕುವ ಕಮ್ಮಾರನುಂಟೆ?

ಮೊದಲನೆಯ ಪರೀಕ್ಷೆಗೆ ಕಣ್ಣು ಕೈಗಳೇ ಸಾಕು. ಎಂಜಿನ್ ಆರಿ ತಣ್ಣಗಾದ ಮೇಲೆ ಗಾಳಿಯ ಫಿಲ್ಟರನ್ನು ತೆಗೆದು ನೋಡತಕ್ಕದ್ದು. ಧೂಳು ಕಟ್ಟಿದ್ದರೆ ಬದಲಿಸುವುದು. ಬಳಿಕ ರಬ್ಬರು ಕೊಳವೆಗಳನ್ನು ಅಡಿಯ ಮಗ್ಗುಲೂ ಸೇರಿದಂತೆ ಬಾಗಿಸಿ, ಒತ್ತಿ ನೋಡಬೇಕು. ಹಳೆಯ ರಬ್ಬರಿನ ಬಿರುಕು ಸುಮ್ಮನಿರುವಾಗ ಮುಚ್ಚಿಕೊಂಡಿದ್ದು ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಕೊಳವೆಯೊಳಗೆ ಎಣ್ಣೆಯ ತೆಳುಪಸೆ ಇರುವುದು ಸಹಜ. ಆದರೆ ಯಾವುದೋ ಒಂದು ಕೀಲಿನ ಹೊರಗೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಅಲ್ಲಿಂದ ಗಾಳಿ ಸೋರುತ್ತಿದೆಯೆಂದು ಶಂಕಿಸಬಹುದು. ಸಡಿಲವಾದ ಕ್ಲಿಪ್ಪನ್ನು ಬಿಗಿಯುವಷ್ಟರಿಂದಲೇ ರೋಗ ನೀಗಿದರೂ ನೀಗೀತು. ಟರ್ಬೊದ ಹತೋಟಿಗಾಗಿರುವ ಸಣ್ಣ ಕೊಳವೆಗಳನ್ನು ಇಲಿ ಕಡಿದಿದೆಯೋ ಎಂಬುದನ್ನೂ ನೋಡತಕ್ಕದ್ದು.

ಎರಡನೆಯದು ಸ್ಕ್ಯಾನರಿನ ಪರೀಕ್ಷೆ. ಪಿ೦೨೯೯ ಎಂಬ ಸಂಕೇತ ಬಂದರೆ, ಬೇಕಾದಷ್ಟು ಒತ್ತಡ ಬರಲಿಲ್ಲ ಎಂದಷ್ಟೇ ಅರ್ಥ. ಅದು ರೋಗದ ಲಕ್ಷಣವೇ ಹೊರತು ಕಾರಣವಲ್ಲ. ಅದನ್ನೇ ತೋರಿಸಿ ಟರ್ಬೊ ಕೆಟ್ಟಿದೆಯೆನ್ನುವುದು ಜ್ವರವಿದೆಯೆಂದ ಮಾತ್ರಕ್ಕೆ ಟೈಫಾಯಿಡ್ ಎಂದಂತೆ. ಎಂಜಿನ್ನನ್ನು ನಡೆಸದೆ ಕೀಲಿಯನ್ನು ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರು ಹೊರಗಿನ ವಾಯುವಿನ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು ೧೦೧ ಕಿಲೊಪಾಸ್ಕಲ್. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು ೯೧. ಅಂಕಿ ಬಹಳ ಬೇರೆಯಾಗಿದ್ದರೆ ಸೆನ್ಸರನ್ನೇ ಮೊದಲು ಶಂಕಿಸಬೇಕು. ಅದು ಸರಿಯಿದ್ದರೆ ಏರಿನಲ್ಲಿ ಕಾರು ನಡೆಸಿ, ಎಂಜಿನ್ ಬೇಡಿದ ಒತ್ತಡವನ್ನೂ ಬಂದ ಒತ್ತಡವನ್ನೂ ಹೋಲಿಸುವುದು. ಅಂಕಿಗಳನ್ನು ಓದುವವರು ಬೇರೆಯವರಾಗಿರಬೇಕು. ನಡೆಸುವವರ ಕಣ್ಣು ರಸ್ತೆಯ ಮೇಲಿರಲಿ.

ಮೂರನೆಯದೇ ಮುಖ್ಯವಾದುದು, ಆದರೆ ಹಲವರು ಇದನ್ನೇ ಬಿಟ್ಟುಬಿಡುವರು. ಎಂಜಿನ್ ಆರಿಸಿ, ಗಾಳಿ ಒಳಬರುವ ಬಾಯಿಯನ್ನು ಮುಚ್ಚಿ, ಹದವಾದ ಒತ್ತಡದಿಂದ ಗಾಳಿಯನ್ನೋ ಹೊಗೆಯನ್ನೋ ತುಂಬಿ, ಕೀಲುಗಳಿಗೆ ಸಾಬೂನಿನ ನೀರು ಸವರುತ್ತಾರೆ. ಗುಳ್ಳೆಯೆದ್ದಲ್ಲಿ ಸೋರಿಕೆ. ಸೈಕಲ್ಲಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಪಂಕ್ಚರು ಹುಡುಕುವ ಯುಕ್ತಿಯೇ ಇದು. ಇದನ್ನು ಗ್ಯಾರೇಜಿನಲ್ಲೇ ಮಾಡಿಸಬೇಕು. ಮಾಲೀಕರು ಹತ್ತಿರ ನಿಂತು ನೋಡುವುದರಲ್ಲಿ ತಪ್ಪಿಲ್ಲ.

ಸೋರಿಕೆಯಿಲ್ಲವಾದರೆ ಹತೋಟಿಯ ಅಂಗಗಳನ್ನು ಪರೀಕ್ಷಿಸಬೇಕು. ಕೆಲವು ಟರ್ಬೊಗಳಲ್ಲಿ ಹೆಚ್ಚಿನ ಹೊಗೆಯನ್ನು ಬದಿಗೆ ಬಿಡುವ ಕದವುಂಟು. ಅದು ತೆರೆದೇ ನಿಂತರೆ ಚಕ್ರ ವೇಗವಾಗಿ ತಿರುಗದು. ಇನ್ನು ಕೆಲವುಗಳಲ್ಲಿ ಅತ್ತಿತ್ತ ತಿರುಗುವ ರೆಕ್ಕೆಗಳಿವೆ. ಮಸಿ ಕಟ್ಟಿದರೆ ಅವು ಅಂಟಿಕೊಳ್ಳುತ್ತವೆ. ೧೨೪೮ ಸಿ.ಸಿ.ಯ ಒಂದೇ ಡೀಸೆಲ್ ಎಂಜಿನ್ನು ಸ್ವಿಫ್ಟ್ ಕಾರಿನಲ್ಲಿ ಮೊದಲನೆಯ ಬಗೆಯ ಟರ್ಬೊದೊಡನೆಯೂ ಎರ್ಟಿಗಾದಲ್ಲಿ ಎರಡನೆಯ ಬಗೆಯದರೊಡನೆಯೂ ಬಂದಿತ್ತು. ಆದುದರಿಂದ ತಮ್ಮ ಕಾರಿನದು ಯಾವ ಬಗೆಯೆಂದು ಕೇಳಿ ತಿಳಿದಿರುವುದು ಒಳ್ಳೆಯದು.

ಟರ್ಬೊವನ್ನು ದೂರುವುದು ಇವೆಲ್ಲ ಮುಗಿದ ಮೇಲೆ. ಅಚ್ಚು ಅತಿ ಸ್ವಲ್ಪ ಅಲುಗುವುದು ಸಹಜ. ಚಕ್ರದ ಅಂಚು ಗೂಡಿಗೆ ತಾಗಿದರೆ, ರೆಕ್ಕೆ ಮುರಿದಿದ್ದರೆ, ಟರ್ಬೊ ಕೆಟ್ಟಿದೆಯೆಂದು ಒಪ್ಪಲೇಬೇಕು. ಆಗಲೂ ಕೆಟ್ಟುದೇಕೆಂದು ವಿಚಾರಿಸದೆ ಬಿಡಬಾರದು. ಕೊಳಕಾದ ಎಣ್ಣೆಯಿಂದಲೋ ಎಣ್ಣೆಯ ದಾರಿ ಕಟ್ಟಿದ್ದರಿಂದಲೋ ಹಳೆಯದು ಸವೆದಿದ್ದರೆ ಹೊಸದೂ ಅದೇ ಗತಿಯನ್ನು ಕಾಣುತ್ತದೆ.

ಇನ್ನೆರಡು ಎಚ್ಚರಿಕೆಗಳು. ಬಲ ಕುಂದಿದ ಕಾರನ್ನು ಒಮ್ಮೆ ಆರಿಸಿ ಮತ್ತೆ ಹೊರಡಿಸಿದರೆ ಕೆಲವು ಮೈಲಿ ಸರಿಯಾಗಿ ಓಡುವುದುಂಟು. ಎಂಜಿನ್ ತನ್ನ ರಕ್ಷಣೆಗಾಗಿ ತಾನೇ ಹಾಕಿಕೊಂಡ ಕಟ್ಟು ಸಡಿಲವಾಯಿತೇ ಹೊರತು ರೋಗ ಗುಣವಾಗಲಿಲ್ಲ. ಎರಡನೆಯದಾಗಿ, ನೀಲಿ ಹೊಗೆ ದಟ್ಟವಾಗಿ ಬಂದು ಎಣ್ಣೆ ಬೇಗ ಬೇಗ ಇಳಿಯುತ್ತಿದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಟರ್ಬೊದಿಂದ ಸೋರಿದ ಎಣ್ಣೆಯನ್ನೇ ಉರಿಸಿಕೊಂಡು ಡೀಸೆಲ್ ಎಂಜಿನ್ನು ಕೀಲಿಗೂ ಬಗ್ಗದೆ ಓಡುವ ಅಪಾಯವಿದೆ.

ಹಣ ಕೊಡುವ ಮುನ್ನ ವಾಚಕರು ವಿನಯದಿಂದ ಮೂರು ಪ್ರಶ್ನೆಗಳನ್ನು ಕೇಳಲಿ: ಸೋರಿಕೆಯ ಪರೀಕ್ಷೆ ಆಯಿತೆ? ಬೇಡಿದ ಒತ್ತಡವೆಷ್ಟು, ಬಂದುದೆಷ್ಟು? ಟರ್ಬೊ ಕೆಟ್ಟಿದ್ದರೆ ಯಾವ ಕಾರಣದಿಂದ? ಕಸಬು ಬಲ್ಲ ಮೆಕ್ಯಾನಿಕ್ಕು ಇವಕ್ಕೆ ಬೇಸರಪಡುವುದಿಲ್ಲ. ಬೇಸರಪಡುವವರಾದರೆ ಕಾರನ್ನು ಮತ್ತೊಬ್ಬರಿಗೆ ತೋರಿಸುವುದೇ ಲೇಸು.