ಆ ಮನೆಯ ಮಗುವಿಗೂ ರಾತ್ರಿ ಬೇಕು

ಹೈದರಾಬಾದಿನ ಕನ್ನಡ ಬಂಧುಗಳೇ,

ಕಾಚಿಗುಡಾದಿಂದ ಮಿಯಾಪುರದವರೆಗೆ, ಮಲ್ಕಾಜಗಿರಿಯಿಂದ ಮೆಹದಿಪಟ್ಣಂವರೆಗೆ ಹರಡಿಕೊಂಡಿರುವ ನಮ್ಮವರಲ್ಲಿ ವಿಶೇಷ ಚೇತನ ಮಕ್ಕಳನ್ನು ಸಾಕುತ್ತಿರುವ ಮನೆಗಳಿವೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಇರಬಹುದು. ಹಗಲಿನಲ್ಲಿ ಆ ಮನೆಯವರ ಪಾಡು ಸ್ವಲ್ಪವಾದರೂ ನಮ್ಮ ಕಣ್ಣಿಗೆ ಬೀಳುತ್ತದೆ. ಥೆರಪಿಗೆಂದು ಊರ ಆ ತುದಿಗೆ ಓಡಾಟ, ಸೇರಿಸಿಕೊಳ್ಳುವ ಶಾಲೆಗಾಗಿ ಅಲೆದಾಟ, ಗಾಲಿಕುರ್ಚಿ ಹಿಡಿಸದ ಆಟೋ. ರಾತ್ರಿಯ ಪಾಡು ಯಾರಿಗೂ ಕಾಣುವುದಿಲ್ಲ. ಆ ರಾತ್ರಿಯ ಬಗ್ಗೆಯೇ ನಿಮ್ಮೊಡನೆ ಮಾತನಾಡಬೇಕೆಂದು ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ. ಮಲಗಿದ ಮೇಲೆ ತಾನಾಗಿ ಮಗ್ಗುಲು ಬದಲಿಸಲಾರ. ಒಂದೇ ಮಗ್ಗುಲಲ್ಲಿ ಮಲಗಿ ಸೊಂಟ ನೋಯತೊಡಗಿದರೆ, ಕಾಲಿನ ಸ್ನಾಯು ಸೆಟೆದುಕೊಂಡರೆ, ಹೊಟ್ಟೆಯ ಹುಳಿ ಗಂಟಲಿಗೆ ಬಂದರೆ ಅವನಿಗೆ ಇರುವುದು ಅಳು ಒಂದೇ. ಅವನ ತಾಯಿ ಎದ್ದು ಹೊರಳಿಸುತ್ತಾಳೆ, ಕಾಲು ನೀವುತ್ತಾಳೆ, ದಿಂಬು ಸರಿಮಾಡುತ್ತಾಳೆ. ಒಂದೆರಡು ಗಂಟೆ ಕಳೆದರೆ ಮತ್ತೆ ಅದೇ ಕೆಲಸ. ಬೆಳಿಗ್ಗೆ ಅವಳನ್ನು ಕಂಡವರು ‘ಯಾಕಮ್ಮಾ ಮುಖ ಬಾಡಿದೆ’ ಎನ್ನುತ್ತಾರೆ. ಹಾಗೆ ಕೇಳಿದವರಿಗೆ ಹೇಳಲು ಎಷ್ಟಿದೆ ನೋಡಿ.

ಈ ಮಕ್ಕಳು ನಿದ್ದೆ ಮಾಡದಿರುವುದು ಹಟದಿಂದಲ್ಲ, ತಾಯಿಯ ಮುದ್ದಿನಿಂದಲೂ ಅಲ್ಲ. ಬಹಳಷ್ಟು ಸಲ ಅದರ ಹಿಂದೆ ದೇಹದ ಕಾರಣವಿರುತ್ತದೆ, ಮತ್ತು ಆ ಕಾರಣ ಮಗುವಿನಿಂದ ಮಗುವಿಗೆ ಬೇರೆ. ಡೌನ್ ಸಿಂಡ್ರೋಮ್ ಇರುವ ಮಗುವನ್ನು ತೆಗೆದುಕೊಳ್ಳಿ. ಅದರ ಗಂಟಲಿನ ಸ್ನಾಯು ಸಡಿಲ, ಮುಖದ ನಡುಭಾಗ ಚಿಕ್ಕದು, ಟಾನ್ಸಿಲ್ ಒಂದಿಷ್ಟು ದಪ್ಪವಾದರೂ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಕಟ್ಟಿದಾಗಲೆಲ್ಲ ಮಿದುಳು ಮಗುವನ್ನು ಎಬ್ಬಿಸುತ್ತದೆ. ಗೊರಕೆ ಹೊಡೆಯುವ ಮಗುವನ್ನು ನೋಡಿ ‘ಎಷ್ಟು ಗಾಢ ನಿದ್ದೆ’ ಎಂದು ನಾವು ಸಂತೋಷಪಡುತ್ತೇವೆ. ಅದು ಉಸಿರಿಗಾಗಿ ನಡೆಸಿರುವ ಹೆಣಗಾಟ ಆಗಿರಬಹುದು. ಕೂತುಕೊಂಡೇ ನಿದ್ದೆಹೋಗುವುದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ನಿದ್ದೆಯಲ್ಲಿ ವಿಪರೀತ ಬೆವರುವುದು ಇದರ ಗುರುತುಗಳು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಡೌನ್ ಸಿಂಡ್ರೋಮ್ ಇರುವ ಎಲ್ಲ ಮಕ್ಕಳಿಗೂ 3 ಮತ್ತು 4 ವರ್ಷದ ನಡುವೆ, ಗೊರಕೆ ಇರಲಿ ಬಿಡಲಿ, ನಿದ್ರಾ ಪರೀಕ್ಷೆ ಮಾಡಿಸಬೇಕೆನ್ನುತ್ತದೆ. ಆ ಪರೀಕ್ಷೆ ಮಾಡುವ ಆಸ್ಪತ್ರೆಗಳು ನಮ್ಮ ಊರಿನಲ್ಲೇ ಇವೆ.

ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಿದ್ದೆಯ ತೊಂದರೆ ಇರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಕತ್ತಲಾದಾಗ ಮಿದುಳಿನಲ್ಲಿ ಒಸರಿ ನಿದ್ದೆಯನ್ನು ಕರೆತರುವ ಮೆಲಟೋನಿನ್ ಇವರಲ್ಲಿ ಕೆಲವರಿಗೆ ಹೊತ್ತಿಗೆ ಸರಿಯಾಗಿ, ಸಾಕಷ್ಟು ಒಸರುವುದಿಲ್ಲ. ಅದರ ಮೇಲೆ ಚುರುಕಾದ ಇಂದ್ರಿಯಗಳು. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ಅವರಿಗೆ ಕೇಳಿಸುತ್ತದೆ. ಅಂಗಿಯ ಕೊರಳಪಟ್ಟಿಯ ಚೀಟಿ ಚುಚ್ಚುತ್ತದೆ. ಕಣ್ಣು ಕಾಣದ ಮಕ್ಕಳಿಗೆ ಹಗಲು ರಾತ್ರಿಯ ಬೆಳಕಿನ ಸುಳಿವೇ ಸಿಗದಾಗ ಮೈಯೊಳಗಿನ ಗಡಿಯಾರ ದಿನದಿನಕ್ಕೂ ಜಾರುತ್ತ ಹೋಗುತ್ತದೆ. ಫಿಟ್ಸ್ ಇರುವ ಮಗುವಿನ ಕಷ್ಟ ಎರಡು ಕಡೆಯಿಂದ: ನಿದ್ದೆಗೆಟ್ಟರೆ ಫಿಟ್ಸ್, ಫಿಟ್ಸ್ ಬಂದರೆ ನಿದ್ದೆಗೇಡು. ಇನ್ನು ಕೆಲವರಿಗೆ ಕಾರಣ ತೀರ ಸಾಮಾನ್ಯದ್ದು. ಮಲಬದ್ಧತೆ, ಹಲ್ಲುನೋವು, ಕಿವಿನೋವು, ರಕ್ತದಲ್ಲಿ ಕಬ್ಬಿಣದ ಕೊರತೆಯಿಂದ ಕಾಲು ಚಡಪಡಿಸುವುದು. ಮಾತು ಬಾರದ ಮಗು ಹಲ್ಲು ನೋಯುತ್ತಿದೆ ಎಂದು ಹೇಗೆ ಹೇಳಬೇಕು? ಅದಕ್ಕೇ ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಮಿಕ್ಕ ಮಾತು.

ಹೋಗುವಾಗ ಒಂದು ನೋಟ್‌ಬುಕ್ ಕೈಯಲ್ಲಿರಲಿ. ಎರಡು ವಾರ ಬರೆದಿಡಿ: ಮಗು ಹಾಸಿಗೆ ಸೇರಿದ ಹೊತ್ತು, ನಿಜವಾಗಿ ಕಣ್ಣು ಮುಚ್ಚಿದ ಹೊತ್ತು, ಎದ್ದದ್ದು ಎಷ್ಟು ಸಲ, ಗೊರಕೆ ಇತ್ತೇ, ಮಧ್ಯಾಹ್ನ ಮಲಗಿತ್ತೇ, ಮಲವಿಸರ್ಜನೆ ಆಗಿತ್ತೇ, ಯಾವ ಔಷಧಿ ಎಷ್ಟು ಗಂಟೆಗೆ. ಗೊರಕೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ‘ರಾತ್ರಿಯೆಲ್ಲ ಮಲಗಲ್ಲ ಡಾಕ್ಟರೇ’ ಎಂಬ ಮಾತಿಗಿಂತ ಆ ಎರಡು ವಾರದ ಬರಹ ವೈದ್ಯರಿಗೆ ಬಹಳ ಹೆಚ್ಚು ಹೇಳುತ್ತದೆ.

ಹೋಗುವ ಜಾಗಗಳ ವಿಷಯದಲ್ಲಿ ಈ ಊರಿನವರು ಅದೃಷ್ಟವಂತರು. ಸಿಕಂದರಾಬಾದಿನ ಬೋಯಿನಪಲ್ಲಿಯ ಮನೋವಿಕಾಸ ನಗರದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯಿದೆ. 1984ರಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯಾಗಿ ಆರಂಭವಾದದ್ದು, ಈಗ ಬೌದ್ಧಿಕ ವಿಶೇಷ ಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ. ಎಳೆಯ ಮಕ್ಕಳ ತಪಾಸಣೆಯಿಂದ ಹಿಡಿದು ವಿಶೇಷ ಶಿಕ್ಷಣದವರೆಗೆ ಎಲ್ಲವೂ ಅಲ್ಲಿದೆ. ರೆಡ್ ಹಿಲ್ಸ್‌ನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆ ನಿಲೋಫರ್ ಇದೆ. ಬೀದರ್, ಕಲಬುರಗಿ, ರಾಯಚೂರಿನ ಎಷ್ಟೋ ಮಂದಿಗೆ ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಹೈದರಾಬಾದೇ. ನಿಜಾಮರ ಕಾಲದ ಆ ನಂಟು ಗಡಿ ಬದಲಾದ ಮಾತ್ರಕ್ಕೆ ಕಡಿದಿಲ್ಲ. ಖರ್ಚಿನ ಮಾತಿಗೆ ಬಂದರೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಇದನ್ನು ತಿಳಿಯದವರಿಗೆ ದಯವಿಟ್ಟು ತಿಳಿಸಿ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು, ಆದರೆ ಅದಕ್ಕೆ ತಾಳ್ಮೆ ಬೇಕು. ಪ್ರತಿ ರಾತ್ರಿ ಅದೇ ಕ್ರಮ: ಸ್ನಾನ, ಊಟ, ಸೊಳ್ಳೆಪರದೆ, ಒಂದು ಕಥೆ, ದೀಪ. ಈ ಕ್ರಮವನ್ನು ಚಿತ್ರಗಳಾಗಿ ಗೋಡೆಗೆ ಅಂಟಿಸಿದರೆ ಮಾತು ಅರಿಯದ ಮಗುವಿಗೂ ಮುಂದೇನು ಎಂಬುದು ತಿಳಿಯುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಟಿ.ವಿ., ಫೋನು ಬಂದ್. ಆ ಬೆಳಕು ಮೆಲಟೋನಿನ್ ಒಸರುವುದನ್ನು ತಡೆಯುತ್ತದೆ. ಮಗುವಿಗೆ ನಿದ್ದೆ ಬರುವುದೇ ಹನ್ನೊಂದೂವರೆಗೆ ಎಂದಾದರೆ ಒಂಬತ್ತಕ್ಕೇ ಮಲಗಿಸಿ ಎರಡೂವರೆ ಗಂಟೆ ಗುದ್ದಾಡಬೇಡಿ. ಹನ್ನೊಂದೂವರೆಗೇ ಮಲಗಿಸಿ, ನಿದ್ದೆ ಸಲೀಸಾಗಿ ಬರತೊಡಗಿದ ಮೇಲೆ ಕಾಲು ಕಾಲು ಗಂಟೆ ಹಿಂದಕ್ಕೆ ತನ್ನಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗದಿರಲಿ, ಭಾನುವಾರವೂ. ಭಾರದ ಹೊದಿಕೆಗಳ ಜಾಹೀರಾತು ಈಗ ಜೋರಾಗಿದೆ. ಆಟಿಸಂ ಇರುವ ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮಕ್ಕಳೂ ಪೋಷಕರೂ ಅದನ್ನು ಮೆಚ್ಚಿಕೊಂಡರು, ನಿದ್ದೆ ಮಾತ್ರ ಹೆಚ್ಚಲಿಲ್ಲ. ಹೊದಿಕೆಯನ್ನು ತಾನೇ ಸರಿಸಲಾಗದ ಮಗುವಿಗೆ ಅದು ಅಪಾಯ ಕೂಡ.

ಇನ್ನೊಂದು ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು. ನಿದ್ದೆ ಬರಲೆಂದು ನೆಗಡಿ ಕೆಮ್ಮಿನ ಸಿರಪ್ ಕುಡಿಸುವ ಅಭ್ಯಾಸ ಬಿಡಿ. ನೆಗಡಿಗೆಂದು ಮಾರುವ ಕ್ಲೋರ್‌ಫೆನಿರಮೈನ್ ಮತ್ತು ಫೀನೈಲ್‌ಎಫ್ರಿನ್ ಬೆರೆಸಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಉಸಿರು ಕಟ್ಟುವ ಮಗುವಿಗೆ ಅಮಲು ತರುವ ಸಿರಪ್ ಕುಡಿಸುವುದು ಪ್ರಾಣದ ಜೊತೆ ಆಟ. ಮೆಲಟೋನಿನ್ ಕೂಡ ಆನ್‌ಲೈನಿನಲ್ಲಿ ತರಿಸಿ ಕೊಡುವ ಮಿಠಾಯಿಯಲ್ಲ. ವೈದ್ಯರು ಬರೆದುಕೊಟ್ಟರೆ, ಅವರು ಹೇಳಿದಷ್ಟು, ಹೇಳಿದ ಹೊತ್ತಿಗೆ.

ಇಷ್ಟೆಲ್ಲ ಮಾಡಿ, ಕೊನೆಗೂ ಮಗು ಕಣ್ಣು ಮುಚ್ಚಿದ ಹೊತ್ತಿಗೆ ಬೀದಿಯ ಫಂಕ್ಷನ್ ಹಾಲಿನಿಂದ ಬರಾತ್ ಹೊರಡುತ್ತದೆ. ಡಿಜೆಯ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ. ಆ ತಾಯಿಯ ಅಷ್ಟೂ ಹೊತ್ತಿನ ಶ್ರಮ ನೀರಿನಲ್ಲಿ ಹೋಮ. ಇಲ್ಲಿಂದ ಮುಂದಿನದು ನಮ್ಮ ಪಾಲಿನ ಕೆಲಸ.

ನಾನು ಹಬ್ಬದ ವಿರೋಧಿಯಲ್ಲ. ಬೋನಾಲು, ಗಣೇಶ, ಬತುಕಮ್ಮ, ರಂಜಾನಿನ ರಾತ್ರಿಗಳು ಇಲ್ಲದ ಹೈದರಾಬಾದನ್ನು ನಾನು ಕಲ್ಪಿಸಿಕೊಳ್ಳಲಾರೆ. ಕಾನೂನೂ ಹಬ್ಬಗಳಿಗೆ ಜಾಗ ಬಿಟ್ಟಿದೆ: ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿ ಹನ್ನೆರಡರವರೆಗೆ ಧ್ವನಿವರ್ಧಕಕ್ಕೆ ಅನುಮತಿ ಕೊಡಬಹುದು. ಮಿಕ್ಕ ದಿನಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಸ್ಪಷ್ಟವಾಗಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶದಲ್ಲಿ ಆ ಹೊತ್ತಿನ ಮಿತಿ 45 ಡೆಸಿಬಲ್. ತುರ್ತು ಇಲ್ಲದೆ ಹಾರ್ನ್ ಹೊಡೆಯುವಂತಿಲ್ಲ, ಸದ್ದು ಮಾಡುವ ಕಟ್ಟಡ ಕಾಮಗಾರಿಯ ಯಂತ್ರಗಳನ್ನು ನಡೆಸುವಂತಿಲ್ಲ. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೆಮ್ಮದಿಯ ಬದುಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿಸಿ ನೋಡಿತು. ಜುಬಿಲಿ ಹಿಲ್ಸ್ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ಹೈಕೋರ್ಟಿಗೆ ಹೋದಾಗ 2022ರ ಸೆಪ್ಟೆಂಬರಿನಲ್ಲಿ ಹತ್ತರ ಮೇಲೆ ಸಂಗೀತ ಬೇಡವೆಂಬ ಆದೇಶ ಬಂತು. ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ಬೇಡವೆಂದು ನಗರದ ಪೊಲೀಸರು 2024ರಲ್ಲಿ ಆದೇಶ ಹೊರಡಿಸಿದರು. ಕೇಳುವವರು ಇದ್ದರೆ ಕೇಳಿಸಿಕೊಳ್ಳುವವರೂ ಇದ್ದಾರೆ.

ಆದರೆ ಪೊಲೀಸರಿಗೆ ಫೋನ್ ಮಾಡುವುದು ಕೊನೆಯ ದಾರಿ. ಮೊದಲಿನ ದಾರಿ ನಾವೇ. ನಿಮ್ಮ ಮನೆಯ ಮದುವೆಯ ಮೆರವಣಿಗೆ ಹತ್ತರೊಳಗೆ ಮುಗಿಯಲಿ. ಮೇಲಿನ ಫ್ಲ್ಯಾಟಿನವರು ರಾತ್ರಿ ಕುರ್ಚಿ ಎಳೆಯದೆ ಎತ್ತಿಡಿ. ಕುರ್ಚಿಯ ಕಾಲಿಗೆ ರಬ್ಬರ್ ಬುಷ್ ಹಾಕುವುದಕ್ಕೆ ಎಷ್ಟು ಖರ್ಚು? ಬೋರ್‌ವೆಲ್ ಲಾರಿಯನ್ನು ರಾತ್ರಿ ಕರೆಸಬೇಡಿ. ಸೊಸೈಟಿಯ ಸಭೆಯಲ್ಲಿ ಈ ವಿಷಯವನ್ನು ಆ ಮಗುವಿನ ತಂದೆ ಎತ್ತಬೇಕಾಗಿ ಬರದಿರಲಿ, ನೀವು ಎತ್ತಿ. ತಮ್ಮ ಮಗುವಿಗಾಗಿ ಬೇಡಿ ಬೇಡಿ ಆ ದಂಪತಿ ಸೋತಿರುತ್ತಾರೆ. ರಾತ್ರಿ ಅಳು ಕೇಳಿಸಿದರೆ ಗೋಡೆ ಬಡಿಯಬೇಡಿ, ವಾಟ್ಸಾಪ್ ಗುಂಪಿನಲ್ಲಿ ದೂರು ಹಾಕಬೇಡಿ. ಆಟಿಸಂ ಇರುವ ಕೆಲವು ಮಕ್ಕಳು ನಡುರಾತ್ರಿ ಎದ್ದು ಬಾಗಿಲು ತೆರೆದು ಹೊರಟುಬಿಡುತ್ತಾರೆ; ಆ ಭಯಕ್ಕೆ ಹೊಸ್ತಿಲಿಗೆ ಅಡ್ಡವಾಗಿ ಮಲಗುವ ತಾಯಂದಿರಿದ್ದಾರೆ. ಮನೆಯವರು ಒಪ್ಪಿದರೆ ಮಗುವಿನ ಮುಖವನ್ನು ವಾಚ್‌ಮನ್‌ಗೆ, ಅಕ್ಕಪಕ್ಕದವರಿಗೆ ಪರಿಚಯ ಮಾಡಿಸಿ. ಹೊರಗೆ ಹೆಜ್ಜೆಯಿಟ್ಟ ಮಗುವನ್ನು ಗೇಟಿನಲ್ಲೇ ಕೈಹಿಡಿದು ತರಲು ಅಷ್ಟು ಸಾಕು.

ನಮ್ಮ ಸಂಘ ಸಂಸ್ಥೆಗಳಲ್ಲೂ ಒಂದು ಬೇಡಿಕೆ. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಸಂಸ್ಥೆ ಈ ಊರಿನಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದಿವೆ. ಆದರೆ ಬೀದರಿನ ಹಳ್ಳಿಯಿಂದ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಇಲ್ಲಿನ ಆಸ್ಪತ್ರೆಗಳಲ್ಲಿ ಸಲಹೆ ಸಿಗುವುದು ತೆಲುಗಿನಲ್ಲೋ ಹಿಂದಿಯಲ್ಲೋ. ಮೇಲೆ ಹೇಳಿದ ನಿದ್ದೆಯ ನೋಟ್‌ಬುಕ್ಕನ್ನು, ಗೋಡೆಗೆ ಅಂಟಿಸುವ ಚಿತ್ರಗಳನ್ನು ತಜ್ಞರಿಗೆ ತೋರಿಸಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಆ ಆಸ್ಪತ್ರೆಗಳಿಗೆ ತಲುಪಿಸಿ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಸಣ್ಣ ಪಾಲು ಸಾಕು. ಐ.ಟಿ. ಕಂಪನಿಗಳಲ್ಲಿ ಮೇಲಿನ ಹುದ್ದೆಯಲ್ಲಿರುವ ನಮ್ಮವರೇ, ನಿಮ್ಮ ಕೈಕೆಳಗಿನ ಇಂಥ ತಂದೆಯೋ ತಾಯಿಯೋ ಬೆಳಗಿನ ಮೀಟಿಂಗಿಗೆ ತಡವಾದರೆ ಕಾರಣ ಕೇಳುವ ಮುನ್ನ ಒಂದು ಗಂಟೆ ಸಡಿಲು ಕೊಡಿ. ತಮ್ಮ ಕೆಲಸವನ್ನು ಅವರು ಮುಗಿಸಿಯೇ ಮುಗಿಸುತ್ತಾರೆ.

ಬಂಧುಗಳಲ್ಲಿ ಕೇಳುವುದು ಇನ್ನೂ ಸ್ವಲ್ಪ ಹೆಚ್ಚು. ‘ದೃಷ್ಟಿ ತೆಗೆಸಿ’, ‘ಆ ಪೂಜೆ ಮಾಡಿಸಿ’, ‘ನಮ್ಮ ಮಗು ಏಳಕ್ಕೇ ಮಲಗುತ್ತಿತ್ತು’ ಎಂಬ ಮಾತುಗಳಿಂದ ಆ ತಾಯಿಗೆ ಒಂದು ನಿಮಿಷದ ನಿದ್ದೆಯೂ ಸಿಕ್ಕಿಲ್ಲ. ನೀವು ದೊಡ್ಡಮ್ಮನೋ, ಸೋದರತ್ತೆಯೋ, ಚಿಕ್ಕಪ್ಪನೋ ಆಗಿದ್ದರೆ ಹಗಲು ಕೆಲವು ಸಲ ಹೋಗಿ ಮಗುವಿನೊಡನೆ ಒಡನಾಡಿ. ಹೊರಳಿಸುವುದು ಹೇಗೆ, ಫಿಟ್ಸ್ ಬಂದರೆ ಏನು ಮಾಡಬೇಕು ಎಂಬುದನ್ನು ಕಲಿತುಕೊಳ್ಳಿ. ಮಗು ನಿಮಗೆ ಹೊಂದಿಕೊಂಡ ಮೇಲೆ ತಿಂಗಳಿಗೆ ಒಂದು ರಾತ್ರಿಯನ್ನು ನೀವು ವಹಿಸಿಕೊಳ್ಳಿ. ತಂದೆಯರಿಗೂ ಈ ಮಾತು ಅನ್ವಯಿಸುತ್ತದೆ: ವಾರದ ಏಳೂ ರಾತ್ರಿ ತಾಯಿಯೇ ಏಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಇದನ್ನು ಓದಿದವರಲ್ಲಿ ಅಂಥ ಒಂದು ಮನೆಯನ್ನು ಬಲ್ಲವರು ಈ ವಾರವೇ ಅಲ್ಲಿಗೆ ಹೋಗಿ. ಸಲಹೆ ಕೊಡಬೇಡಿ. ‘ಅಕ್ಕಾ, ಶನಿವಾರ ರಾತ್ರಿ ನಾನು ಇರ್ತೀನಿ, ನೀವು ಮಲಗಿ’ ಎನ್ನಿ, ಮತ್ತು ಆ ಶನಿವಾರ ತಪ್ಪದೆ ಹೋಗಿ.