ಮೀಟರ್ ಬದಲಿಸುವ ಮುನ್ನ ಒಂದು ತಂತಿ ನೋಡಿ

ಹೊಸಪೇಟೆ, ಕಂಪ್ಲಿ ಕಡೆ ಇನ್ನೂ ಓಡುವ ಅಂಬಾಸಿಡರ್‌ಗಳಲ್ಲಿ ಇಂಧನದ ಮುಳ್ಳು ನಂಬುವಂಥದ್ದು ಸಿಕ್ಕರೆ ಅದೃಷ್ಟ. ಗ್ಯಾರೇಜಿಗೆ ಹೋದರೆ ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲೇ ತೀರ್ಪು ಬರುತ್ತದೆ: 'ಮೀಟರ್ ಹೋಗಿದೆ ಸಾರ್, ಬದಲಿಸಬೇಕು.' ಈ ಗಾಡಿ ತಯಾರಿಕೆ ನಿಂತಿದ್ದು 2014ರಲ್ಲಿ. ಬದಲಿ ಮೀಟರ್ ಎಂದರೆ ಬಹುತೇಕ ಗುಜರಿಯದ್ದೇ. ಪರೀಕ್ಷಿಸದೆ ಹೀಗೆ ಹೇಳುವುದು ಸರಿಯಲ್ಲ ಎಂಬುದು ನಮ್ಮ ವಾದ.

ಪರೀಕ್ಷೆ ಐದು ನಿಮಿಷದ್ದು. ಕೀ ಆಫ್ ಮಾಡಿ, ಟ್ಯಾಂಕ್ ಯೂನಿಟ್‌ನಿಂದ ಮೀಟರಿಗೆ ಹೋಗುವ ತಂತಿ ಕಳಚಿ. ಕೀ ಆನ್ ಮಾಡಿ ಮುಳ್ಳು ಎಲ್ಲಿದೆ ನೋಡಿ. ಮತ್ತೆ ಆಫ್ ಮಾಡಿ, ಆ ತಂತಿಯನ್ನು ಗಾಡಿಯ ಬಾಡಿಗೆ ಜೋಡಿಸಿ, ಕೆಲವೇ ಸೆಕೆಂಡು ಆನ್ ಮಾಡಿ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದರೆ ಮೀಟರೂ ಸರಿ, ತಂತಿಯೂ ಸರಿ. ಕೆಲವು ಮೀಟರಿನಲ್ಲಿ ಬಾಡಿಗೆ ತಾಗಿಸಿದರೆ ಫುಲ್, ಇನ್ನು ಕೆಲವು ಹಳೇ ಮೀಟರಿನಲ್ಲಿ ಉಲ್ಟಾ. (ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಬೀಡಿ ದೂರವಿರಲಿ.)

ಮೀಟರ್ ಸರಿಯಿದ್ದರೆ ಮೊದಲ ಅನುಮಾನ ಅರ್ಥಿಂಗ್ ಮೇಲೆ. ಕಳಚಿದ ತಂತಿಯನ್ನು ಮತ್ತೆ ಸಿಕ್ಕಿಸಿ, ಟ್ಯಾಂಕ್ ಯೂನಿಟ್‌ನ ಲೋಹದ ಭಾಗದಿಂದ ಚಾಸಿಗೆ ಬೇರೊಂದು ತಂತಿ ಕೊಟ್ಟು ನೋಡಿ. ಮುಳ್ಳಿಗೆ ಜೀವ ಬಂದರೆ ಸ್ಕ್ರೂ ಜಾಗದ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರಾಯಿತು. ಸಂಡೂರಿನ ಅದಿರು ಧೂಳು ಮೆತ್ತಿ, ಮೇಲೆ ಒಂದು ಮಳೆಗಾಲ ಕಳೆದ ಗಾಡಿಯಲ್ಲಿ ಇದನ್ನೇ ಮೊದಲು ನೋಡಬೇಕು. ಆಗಲೂ ಏಳದಿದ್ದರೆ ಯೂನಿಟ್ ಬಿಚ್ಚಲೇಬೇಕು: ಫ್ಲೋಟ್ ತೂತಾಗಿ ಮುಳುಗಿರಬಹುದು, ಒಳಗಿನ ಸುರುಳಿ ಸವೆದಿರಬಹುದು. ಇಂಧನದ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಹುಚ್ಚಾಟ ಆಡುತ್ತಿದ್ದರೆ, ಎರಡಕ್ಕೂ ಕರೆಂಟ್ ಕೊಡುವ ಸ್ಟೆಬಿಲೈಜರ್ ಇರುವ ಗಾಡಿಯಲ್ಲಿ ಅದನ್ನು ನೋಡಿ.

'ಕಡ್ಡಿ ಅದ್ದಿ ನೋಡಿದರಾಯ್ತು ಬಿಡಿ' ಎನ್ನುವ ಚಾಲಕರೂ ಇದ್ದಾರೆ. ಊರೊಳಗೆ ನಡೆಯುತ್ತದೆ. ಆದರೆ ಹಂಪಿಯಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ರಾತ್ರಿ ಸಂಡೂರಿನ ಗುಡ್ಡದ ದಾರಿಯಲ್ಲಿ ಟ್ಯಾಂಕ್ ಬತ್ತಿದರೆ? ಡೀಸೆಲ್ ಗಾಡಿಯಾದರೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೆ ಸಾಲದು, ಪೈಪಿಗೆ ಹಿಡಿದ ಗಾಳಿಯನ್ನೂ ತೆಗೆಯಬೇಕು. ಅಂದಿನ ಬಾಡಿಗೆ ಹೋದಂತೆಯೇ.

ತಪ್ಪೆಲ್ಲ ಮೆಕ್ಯಾನಿಕ್‌ನದೇ ಅಲ್ಲ. ಬರೀ ನೋಡಿದ್ದಕ್ಕೆ ದುಡ್ಡು ಕೇಳಿದರೆ ನಮ್ಮಲ್ಲಿ ಮುಖ ಗಂಟಿಕ್ಕುತ್ತೇವೆ, ಸಾಮಾನು ಹಾಕಿದರೆ ಮಾತ್ರ ಜೇಬಿಗೆ ಕೈ ಹೋಗುತ್ತದೆ. ಹೀಗಾದರೆ ಅವರು ಸಾಮಾನನ್ನೇ ಹಾಕುತ್ತಾರೆ. ಪರೀಕ್ಷೆಗೂ ಕೂಲಿ ಕೊಡಿ, ನಿಮ್ಮ ಕಣ್ಣೆದುರೇ ಮಾಡಿಸಿ.