ಗೆದ್ದದ್ದೆಲ್ಲ ಸರಿಯಲ್ಲ, ಸೋತದ್ದೆಲ್ಲ ತಪ್ಪಲ್ಲ

ಚದುರಂಗದ ತರಬೇತಿಯಲ್ಲಿ ಹೊಸ ವಿಚಾರವೊಂದರ ಆಯುಷ್ಯ ಈಗ ಕೆಲವೇ ಕ್ಷಣ. ಮಗುವೊಂದು ಪುಸ್ತಕದಲ್ಲಿಲ್ಲದ ಆರಂಭದ ನಡೆಯನ್ನು ಮುಂದಿಟ್ಟರೆ, ಕಂಪ್ಯೂಟರ್ ನೀಡುವ ಅಂಕಿಯನ್ನು ನೋಡಿ ತೀರ್ಪು ಕೊಡುವುದು ಸುಲಭ. ಆದರೆ ತೀರ್ಪು ಬೇರೆ, ಪರೀಕ್ಷೆ ಬೇರೆ. ಈ ವ್ಯತ್ಯಾಸ ಮರೆಯಾಗುತ್ತಿರುವುದು ನನಗೆ ಕಳವಳದ ಸಂಗತಿ.

ಚದುರಂಗದ ಇತಿಹಾಸದ ಎರಡು ಪಂದ್ಯಗಳನ್ನು ನೋಡೋಣ. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಇಂಗ್ಲೆಂಡಿನ ಟೋನಿ ಮೈಲ್ಸ್ ಆಗಿನ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೊವ್ ಅವರನ್ನು ಎದುರಿಸಿದರು. ಕಾರ್ಪೊವ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ, ಕಪ್ಪು ಕಾಯಿಗಳ ಮೈಲ್ಸ್ ಮಂತ್ರಿಯ ಬದಿಯ ತುದಿಯ ಕಾಲಾಳನ್ನು ಒಂದೇ ಮನೆ ಮುಂದೂಡಿದರು. ಮಣೆಯ ಕೇಂದ್ರವನ್ನು ಎದುರಾಳಿಗೆ ಬಿಟ್ಟುಕೊಡುವ ಈ ನಡೆ ಹೊಸಬರ ಆಟದಂತೆ ಕಾಣುತ್ತದೆ. ಆದರೂ ಮೈಲ್ಸ್ ಗೆದ್ದರು. ಹಾಗೆಂದು ಆ ನಡೆ ಶ್ರೇಷ್ಠ ಆರಂಭಗಳ ಸಾಲಿಗೆ ಸೇರಲಿಲ್ಲ.

ಇದಕ್ಕೆ ತದ್ವಿರುದ್ಧವಾದುದು 1918ರ ನ್ಯೂಯಾರ್ಕ್ ಪಂದ್ಯ. ಫ್ರಾಂಕ್ ಮಾರ್ಷಲ್ ಕಪ್ಪು ಕಾಯಿಗಳಿಂದ ಕಾಲಾಳೊಂದನ್ನು ಬಲಿಕೊಟ್ಟು ಕಾಪಾಬ್ಲಾಂಕ ಅವರ ರಾಜನ ಮೇಲೆ ದಾಳಿಗಿಳಿದರು. ಕಾಪಾಬ್ಲಾಂಕ ಮಣೆಯ ಮುಂದೆಯೇ ಉತ್ತರ ಕಂಡುಕೊಂಡು ಗೆದ್ದರು. ಫಲಿತಾಂಶವೇ ಪ್ರಮಾಣವಾಗಿದ್ದರೆ ಆ ವಿಚಾರ ಅಂದೇ ಸಾಯಬೇಕಿತ್ತು. ಆದರೆ ಸೋಲಿನ ಕಾರಣವನ್ನು ಹುಡುಕಿದವರಿಗೆ ದೋಷ ಬಲಿದಾನದಲ್ಲಿಲ್ಲ, ಅದರ ನಂತರದ ಕುದುರೆಯ ನಡೆಯಲ್ಲಿದೆ ಎಂಬುದು ಕಂಡಿತು. ಅಲ್ಲಿ ಕಾಲಾಳಿನ ನಡೆಯೊಂದನ್ನು ಸೇರಿಸಿದ್ದೇ ದಾಳಿಗೆ ಮರುಜೀವ ಬಂದಿತು. 1965ರಲ್ಲಿ ಸ್ಪಾಸ್ಕಿ ಅದನ್ನು ತಾಲ್ ವಿರುದ್ಧ ಯಶಸ್ವಿಯಾಗಿ ಬಳಸಿದರು. ಇಂದಿಗೂ ಅಗ್ರ ಆಟಗಾರರು ಅದನ್ನು ತಪ್ಪಿಸಲೆಂದೇ ಬೇರೆ ದಾರಿ ಹಿಡಿಯುವುದುಂಟು.

ಕಂಪ್ಯೂಟರ್ ಮನುಷ್ಯನಿಗಿಂತ ಬಲಶಾಲಿ ಎಂಬುದರಲ್ಲಿ ವಿವಾದವಿಲ್ಲ. ವಿಚಿತ್ರ ನಡೆಗಳ ಬಗ್ಗೆ ಅದು ಹೇಳುವುದು ಬಹುಪಾಲು ನಿಜವೇ ಆಗಿರುತ್ತದೆ. ಆದರೆ ಅದು ಕೊಡುವುದು ಉತ್ತರವನ್ನು, ಕಾರಣವನ್ನಲ್ಲ. 2017ರಲ್ಲಿ ಆಲ್ಫಾಜೀರೊ ತುದಿಯ ಕಾಲಾಳನ್ನು ಎದುರಾಳಿಯ ರಾಜನತ್ತ ದೂಡುತ್ತ ಗೆದ್ದಾಗಲೂ, ಅದು ಏಕೆ ಫಲಿಸಿತು ಎಂಬುದನ್ನು ಮನುಷ್ಯರೇ ಕುಳಿತು ಬಿಡಿಸಬೇಕಾಯಿತು.

2024ರಲ್ಲಿ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರನ್ನು ತರಬೇತುದಾರ ವಿಷ್ಣು ಪ್ರಸನ್ನ ಬಾಲ್ಯದ ವರ್ಷಗಳಲ್ಲಿ ಕಂಪ್ಯೂಟರ್ ವಿಶ್ಲೇಷಣೆಯಿಂದ ದೂರವಿಟ್ಟಿದ್ದರು. ಎಲ್ಲ ಮಕ್ಕಳೂ ಗುಕೇಶ್ ಆಗುವುದಿಲ್ಲ, ನಿಜ. ಆದರೆ ಲೆಕ್ಕಾಚಾರದ ಶ್ರಮವನ್ನು ಯಂತ್ರಕ್ಕೆ ವಹಿಸುವ ಮೊದಲು ಸ್ವತಃ ಅನುಭವಿಸುವ ಹಕ್ಕು ಎಲ್ಲ ಮಕ್ಕಳಿಗೂ ಇದೆ.

ನನ್ನ ಸಲಹೆ ಸರಳವಾದುದು. ಮಗು ಅಸಾಮಾನ್ಯ ನಡೆಯೊಂದನ್ನು ತಂದಾಗ ಅದಕ್ಕೆ ಎದುರಾಳಿಯ ಅತ್ಯುತ್ತಮ ಉತ್ತರ ಯಾವುದೆಂದು ಅದೇ ಮಗುವಿನಿಂದ ಹುಡುಕಿಸಬೇಕು. ಎರಡೂ ಬಣ್ಣಗಳಿಂದ ಕೆಲವು ಪಂದ್ಯಗಳನ್ನು ಆಡಿಸಿ, ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಬರೆಸಬೇಕು. ಕಂಪ್ಯೂಟರ್ ತೆರೆಯುವುದು ಅನಂತರ. ಆ ನಡೆ ತಪ್ಪೆಂದೇ ಸಾಬೀತಾಗಬಹುದು. ಆಗಲಿ. ತನ್ನ ಮೆಚ್ಚಿನ ವಿಚಾರವನ್ನು ತಾನೇ ಅಲ್ಲಗಳೆಯಲು ಕಲಿತ ಮಗು, ಪದಕ ಬರಲಿ ಬಿಡಲಿ, ಕಲಿಯಬೇಕಾದುದನ್ನು ಕಲಿತಿರುತ್ತದೆ.